ಆರರಿಂದ ಏಳರವರೆಗೆ

೧೨ ಅಕ್ಟೋಬರ್ ೨೦೨೪, ಶನಿವಾರ

ದಿಯಾಳ ಕೋಣೆಗೆ ಇವತ್ತು ಬೇರೆ ಹುಡುಗಿ ಬಂದಳು. ಹುಡುಗಿ ಎಂದು ಬರೆದೆ, ಮೂವತ್ತೆರಡು ವರ್ಷವಂತೆ. ಹಂಗೇರಿಯವಳು, ಹೆಸರು ಎಸ್ತೆರ್ ವಾರ್ಕೊನಿ, ಟೆನಿಸ್ ಆಡುವುದೇ ಕಸುಬು. ಈ ಚಳಿಗಾಲವೆಲ್ಲ ಸ್ವೀಡನ್ನಿನ ಈ ನಮ್ಮ ಓರೆಬ್ರೂ ಊರಿನ ಕ್ಲಬ್ಬಿನ ತಂಡಕ್ಕೆ ಆಡುತ್ತಾಳೆ. ಹೊರಗಿನವರನ್ನು ಹೋಟೆಲಿನಲ್ಲಿ ಇಳಿಸುವ ಶಕ್ತಿ ಕ್ಲಬ್ಬಿಗಿಲ್ಲ, ಸದಸ್ಯರ ಮನೆಗಳಿಗೆ ಹಂಚುತ್ತಾರೆ. ದಿಯಾ ಆಡುತ್ತಿದ್ದ ಕಾಲದಿಂದ ನಮ್ಮ ಹೆಸರು ಅವರಲ್ಲಿ ಉಳಿದುಬಿಟ್ಟಿದೆ.

"ಕೋಣೆ ಖಾಲಿ ಇದೆಯಲ್ಲ ರಾಜಿ, ಬರಲಿ ಬಿಡು" ಎಂದರು ಇವರು. ಖಾಲಿಯಂತೆ! ಮಗಳ ಮಂಚ, ಮಗಳು ಗೆದ್ದ ಕಪ್ಪುಗಳು, ಮಗಳ ಹಳೇ ಬೂಟು ಎಲ್ಲ ಇಟ್ಟಹಾಗೇ ಇವೆ. ಅವಳು ಕೆಲಸ ಸಿಕ್ಕಿ ಸ್ಟಾಕ್‌ಹೋಮಿನ ಕಿಸ್ಟಾಕ್ಕೆ ಹೋಗಿ ಒಂದೂವರೆ ವರ್ಷವಾದರೂ ನಾನು ಖಾಲಿ ಎಂಬ ಮಾತನ್ನು ಬಾಯಿಗೆ ತಂದಿಲ್ಲ.

ಬಂದವಳ ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಇನ್ನೊಂದು ಚೀಲ. ಬಾಗಿಲಲ್ಲೇ ಬೂಟು ಬಿಚ್ಚಿದಳು. ಅದೊಂದು ಸರಿ. ಇವರ ಜೊತೆ ನಿಂತು ಇಂಗ್ಲಿಷಿನಲ್ಲಿ ಏನೋ ಗಂಭೀರವಾಗಿ ವಿವರಿಸಿದಳು. ಇವರು ತಲೆ ಆಡಿಸಿದ್ದೇ ಆಡಿಸಿದ್ದು. ಏನಂತೆ ಎಂದು ಕೇಳಿದರೆ "ಅದೇನೋ ಅವರ ರೂಲ್ಸು" ಎಂದು ಟೀವಿ ಮುಂದೆ ಕೂತರು.

ದಿಯಾಗೆ ಫೋನ್ ಮಾಡಿ ಹೇಳಿದೆ. "Okej" ಎಂದಳು. ಅಷ್ಟೇ.

೧೬ ಅಕ್ಟೋಬರ್, ಬುಧವಾರ

ಮೈ ಉರಿಯುತ್ತಿದೆ. ನೆಗಡಿ ಎಂದು ಮೂಗು ಎಳೆಯುತ್ತಿದ್ದಳಲ್ಲ ಎಂದು ಶುಂಠಿ, ಮೆಣಸು, ಅತಿಮಧುರ ಕುದಿಸಿ, ಅಕ್ಕ ಊರಿಂದ ಕಳಿಸಿದ ಪುಡಿ ಹಾಕಿ ಕಷಾಯ ಮಾಡಿಕೊಟ್ಟರೆ ಮೂಸಿ ನೋಡಿ ಕೆಳಗಿಟ್ಟಳು. ಪುಡಿಯ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದಳು. ಅದರ ಮೇಲೆ ಏನಿರುತ್ತದೆ, ಅಕ್ಕನ ಹಳೇ ಹಾರ್ಲಿಕ್ಸ್ ಡಬ್ಬಿ ಅದು.

"ಸಾರಿ, ಕುಡಿಯೋ ಹಾಗಿಲ್ಲ. ಏನಿದೆ ಅಂತ ಗೊತ್ತಿಲ್ಲದ್ದು ಏನೂ ತಗೊಳ್ಳೋ ಹಾಗಿಲ್ಲ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡ್ತಾರೆ" ಎಂದು ನನಗೂ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದಳು. ವಿಷ ಹಾಕಿದ್ದೀನೇನೋ ಎಂಬ ಹಾಗೆ. ಅವಳೆದುರೇ ನಾನು ಇಡೀ ಲೋಟ ಕುಡಿದೆ. ನನಗೆ ನೆಗಡಿಯೇ ಇರಲಿಲ್ಲ.

ಇನ್ನೊಂದು ವಿಚಿತ್ರ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಎದ್ದು ಅಡುಗೆಮನೆಯ ಕಿಟಕಿ ಹತ್ತಿರ ಕೂರುತ್ತಾಳೆ. ಏಳಾಗುವ ತನಕ ಕದಲುವುದಿಲ್ಲ. ಏಳಾಯಿತೋ, ಬಚ್ಚಲಿಗೆ ಓಡುತ್ತಾಳೆ. ಏನೋ ಧ್ಯಾನವಿರಬೇಕು. ಅಷ್ಟು ಹೊತ್ತಿಗೆ ಏಳುವ ಹುಡುಗಿಯರು ಈಗ ಎಲ್ಲಿದ್ದಾರೆ? ದಿಯಾಳನ್ನು ಎಬ್ಬಿಸಲು ನನ್ನ ಗಂಟಲೇ ಒಣಗುತ್ತಿತ್ತು.

೩೧ ಅಕ್ಟೋಬರ್, ಗುರುವಾರ

ನರಕ ಚತುರ್ದಶಿ. ದಿಯಾ ಬರಲಿಲ್ಲ. "ಅಮ್ಮ, it's a Thursday" ಎಂದಳು. ಹಬ್ಬಕ್ಕೆ ವಾರ ಗೊತ್ತಾಗುತ್ತದೆಯೇ?

ಎಣ್ಣೆ ಬಿಸಿಮಾಡಿ ಸುಮ್ಮನೆ ಕೂತಿದ್ದೆ. ಏಳು ಗಂಟೆಗೆ ಧ್ಯಾನ ಮುಗಿಸಿ ಬಂದ ಎಸ್ತೆರ್ ಬಟ್ಟಲು ನೋಡಿ ಏನಿದು ಎಂದಳು. ಎಳ್ಳೆಣ್ಣೆ, ಬರೀ ಎಳ್ಳೆಣ್ಣೆ, ಅಂಗಡಿಯದೇ, ಇಗೋ ಶೀಶೆ ಎಂದು ಚೀಟಿ ತೋರಿಸಿದೆ. ಓದಿದಳು. ಓದಿ ನನ್ನ ಮುಂದೆ ನೆಲದ ಮೇಲೆ ಕೂತೇಬಿಟ್ಟಳು!

ತಲೆಗೆ ತಟ್ಟಿದೆ. ಬಲಗಡೆ ಭುಜದ ಮೇಲೆ ಗಾಯದ ಗೆರೆ. ಅಲ್ಲಿ ಮೆಲ್ಲಗೆ ಒತ್ತಿದಾಗ ಮಾತು ಬಂತು. ಮಾಕೋ ಎಂಬ ಊರಂತೆ ಅವಳದು, ಈರುಳ್ಳಿಗೆ ಹೆಸರುವಾಸಿ. ನದಿ ಪಕ್ಕದ ಮಣ್ಣಿನ ಅಂಕಣದಲ್ಲಿ ಅಪ್ಪ ಆಡಿಸುತ್ತಿದ್ದನಂತೆ. ತಾಯಿ ಹೋಗಿ ಬಹಳ ಕಾಲವಾಯಿತು. ಒಂದು ಕಾಲದಲ್ಲಿ ಪ್ರಪಂಚದಲ್ಲೇ ತೊಂಬತ್ತನಾಲ್ಕನೆಯವಳು ಇವಳು! ಪ್ಯಾರಿಸ್ಸಿನ ದೊಡ್ಡ ಟೂರ್ನಿಯಲ್ಲಿ ಒಂದೇ ಒಂದು ಸಲ ಆಡಿದ್ದಾಳೆ, ಮೊದಲ ಸುತ್ತಿನಲ್ಲೇ ಸೋಲು. ಆಮೇಲೆ ಭುಜ ಕೈಕೊಟ್ಟಿತು, ಆಪರೇಷನ್ ಆಯಿತು. ಈಗ ನಾನೂರರ ಆಸುಪಾಸು. ಬಸ್ಸಿನಲ್ಲಿ ಊರೂರು ಅಲೆದು ಸಣ್ಣ ಸಣ್ಣ ಟೂರ್ನಿ ಆಡಿ ಮೇಲೆ ಹತ್ತಬೇಕು.

"ಸಾಕಾಗಲ್ವಾ?" ಎಂದೆ.

"ಅಲ್ಲಿ ಅಂಪೈರ್ ಮೈಕಿನಲ್ಲಿ ನನ್ನ ಹೆಸರು ಹೇಳಿದರು. ಇನ್ನೊಂದು ಸಲ ಕೇಳಬೇಕು. ಒಂದೇ ಸಲ. ಆಮೇಲೆ ಸಾಕು" ಎಂದಳು. ಎಣ್ಣೆ ಕಣ್ಣಿಗೆ ಇಳಿಯಿತೆಂದು ಒರೆಸಿಕೊಂಡಳು. ನಾನು ಎಣ್ಣೆ ಕಣ್ಣಿನ ಹತ್ತಿರಕ್ಕೂ ಹಾಕಿರಲಿಲ್ಲ.

ಅವರಲ್ಲಿ ದೊಡ್ಡ ಹೆಂಗಸರನ್ನು ಹೆಸರಿನ ಕೊನೆಗೆ 'ನೇನಿ' ಸೇರಿಸಿ ಕರೆಯುತ್ತಾರಂತೆ, ನಮ್ಮ ಅತ್ತೆ, ಚಿಕ್ಕಮ್ಮ ಇದ್ದಹಾಗೆ. ನಾನು ಈಗ 'ರಾಯಿ ನೇನಿ'. ಅವರ ಬಾಯಲ್ಲಿ ರಾಜಿ ರಾಯಿಯಾಗುತ್ತದೆ. ಇವರು ಮಧ್ಯಾಹ್ನದಿಂದ ನಗುತ್ತಿದ್ದಾರೆ.

೧೦ ನವೆಂಬರ್, ಭಾನುವಾರ

ಕ್ಲಬ್ಬಿನ ಹಾಲ್‌ಗೆ ಹೋಗಿದ್ದೆ. ದಿಯಾ ಆಡುವುದನ್ನು ಬಿಟ್ಟಮೇಲೆ ಇದೇ ಮೊದಲು. ಎಸ್ತೆರ್ ಗೆದ್ದಳು. ಅವಳ ಅರ್ಧ ವಯಸ್ಸಿನ ಹುಡುಗಿ ಎದುರು, ಬಡಿದದ್ದೆಲ್ಲ ಗುಂಡು. ನಮ್ಮವಳು ಓಡಲಿಲ್ಲ, ಮೊದಲೇ ಹೋಗಿ ನಿಂತಿರುತ್ತಿದ್ದಳು. "ಬಾರೇ ಬಾರೇ" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಪಕ್ಕದವರು ತಿರುಗಿ ನೋಡಿದರು. ನೋಡಲಿ.

ಫೀಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ತಿಂಡಿಗೆ, ಕೂತಾಗ ಅವಳಿಗೆ ಕಾಫಿ ಬೇಡ, ಹಾಲು ಕೊಡಿ ಎಂದು ನಾನೇ ಹೇಳಿದೆ. ಅವಳು ನನ್ನ ಮುಖ ನೋಡಿ, ಎದ್ದು ಹೋಗಿ ಕಾಫಿ ತಂದುಕೊಂಡಳು. ರಾತ್ರಿ ನಿದ್ದೆ ಬರುವುದಿಲ್ಲ ಎಂದರೆ ಕೇಳಬೇಕಲ್ಲ.

ದಿಯಾಳ ಹಳೇ ಕೋಚ್ ಸಿಕ್ಕಿ ಅವಳು ಹೇಗಿದ್ದಾಳೆ ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಗೊತ್ತಿದ್ದರಲ್ಲವೇ ಬೇರೆ ಹೇಳುವುದು.

೧೯ ನವೆಂಬರ್, ಮಂಗಳವಾರ

ಎಸ್ತೆರ್‌ಗೆ ಜ್ವರ. ಕೆಂಡದ ಹಾಗೆ ಮೈ ಸುಡುತ್ತಿದೆ. ಕಷಾಯದ ಮಾತೆತ್ತಲಿಲ್ಲ, ಗಂಜಿ ಕೊಟ್ಟೆ. ಅಕ್ಕಿ, ನೀರು, ಉಪ್ಪು ಎಂದು ಮೂರನ್ನೂ ಹೆಸರು ಹಿಡಿದು ಹೇಳಿದ ಮೇಲೆ ಕುಡಿದಳು. ಇವರಿಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ರಾತ್ರಿ ಪಾಳಿ. ಅವಳ ಫೋನು ತಲೆದಿಂಬಿನ ಪಕ್ಕದಲ್ಲೇ ಇತ್ತು. ಬೆಳಗಿನ ಆ ಧ್ಯಾನದ ಅಲಾರಂ ಅದರಲ್ಲೇ ಬಡಿದುಕೊಳ್ಳುವುದು. ಸದ್ದು ಆರಿಸಿ ತಂದು ನಡುಮನೆಯಲ್ಲಿಟ್ಟೆ. ಒಂದು ದಿನ ಮಲಗಲಿ ಪಾಪ.

೨೦ ನವೆಂಬರ್, ಬುಧವಾರ

ಜ್ವರ ಇಳಿದಿದೆ. ಇನ್ನೂ ಮಲಗಿದ್ದಾಳೆ. ನನಗೇ ಖುಷಿ.

ಆರು ಗಂಟೆ ಕಳೆದಿರಬೇಕು, ಬೆಲ್ ಆಯಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಹೆಗಲಿಗೆ ಚೀಲ. ಎಸ್ತೆರ್ ವಾರ್ಕೊನಿ ಮನೇಲಿದ್ದಾರಾ, ನೋಡಬೇಕಿತ್ತು ಎಂದರು. ಏನು ಕೆಲಸ ಎಂದರೆ, ಅವರಿಗೇ ಹೇಳಬೇಕು ಎಂದರು. ಶನಿವಾರ ಪಂದ್ಯವಿದೆಯಲ್ಲ, ತಂಡದವರೇ ಇರಬೇಕು. ಜ್ವರ ಬಂದವಳನ್ನು ಇಷ್ಟು ಹೊತ್ತಿಗೇ ಎಬ್ಬಿಸಿ ಎಳೆದುಕೊಂಡು ಹೋಗುತ್ತಾರಂತೆ, ಎಂಥ ಜನ! "ಮನೇಲಿಲ್ಲ. ಸ್ಟಾಕ್‌ಹೋಮ್‌ಗೆ ಹೋಗಿದ್ದಾಳೆ" ಎಂದು ಬಾಗಿಲು ಹಾಕಿದೆ. ಏಳಕ್ಕೆ ಮುಂಚೆ ಇನ್ನೊಂದು ಸಲ ಬೆಲ್ ಮಾಡಿದರು. ತೆಗೆಯಲೇ ಇಲ್ಲ.

ಮನೇಲಿಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ಸುಳ್ಳಿನ ಲೆಕ್ಕಕ್ಕೇ ಬರುವುದಿಲ್ಲ. ನಮ್ಮಮ್ಮ ಇನ್ಶೂರೆನ್ಸ್ ಏಜೆಂಟರಿಗೆ ಹೇಳುತ್ತಿದ್ದಳು, ಅಪ್ಪ ಒಳಗೆ ಪೇಪರ್ ಓದುತ್ತಿರುತ್ತಿದ್ದರು.

ಅದೇ ದಿನ, ಸಂಜೆ

ದೇವರೇ, ಎಂಥ ಕೆಲಸ ಮಾಡಿಬಿಟ್ಟೆ.

ಎದ್ದವಳಿಗೆ ನಗುತ್ತಲೇ ಹೇಳಿದೆ, ಯಾರೋ ಬಂದಿದ್ದರು, ಓಡಿಸಿದೆ ಎಂದು. ಅವಳ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಅವರು ಮದ್ದು ತಗೊಂಡು ಆಡುವವರನ್ನು ಹಿಡಿಯುವವರಂತೆ. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೇನೆ ಎಂದು ಆಟಗಾರರು ಮುಂಚೆಯೇ ಬರೆದುಕೊಟ್ಟಿರಬೇಕು. ಆ ಗಂಟೆಯಲ್ಲಿ ಹೇಳದೆ ಕೇಳದೆ ಬರುತ್ತಾರೆ. ಇವಳು ಬರೆದುಕೊಟ್ಟಿದ್ದು ನಮ್ಮ ಮನೆ, ಆರರಿಂದ ಏಳರವರೆಗೆ. ಅದು ಧ್ಯಾನವಲ್ಲ. ಅವರಿಗಾಗಿ ಮೂತ್ರ ತಡೆದುಕೊಂಡು ಕಾಯುತ್ತಿದ್ದಳು. ಒಂದು ವರ್ಷದೊಳಗೆ ಮೂರು ಸಲ ಸಿಗದಿದ್ದರೆ ಮದ್ದು ತಗೊಂಡಷ್ಟೇ ತಪ್ಪು, ಎರಡು ವರ್ಷ ಆಡುವ ಹಾಗಿಲ್ಲ. ಒಂದು ಸಲ ವಿಮಾನ ರದ್ದಾಗಿ ತಪ್ಪಿತ್ತು. ಇನ್ನೊಂದು ಸಲ ಹೋಟೆಲ್ ಬದಲಾಯಿಸಿದ್ದನ್ನು ಬರೆಯಲು ಮರೆತಿದ್ದಳು. ಇದು ಮೂರನೆಯದು.

ಇವರನ್ನು ಕೇಳಿದೆ. "ಅವಳು ಬಂದ ದಿನಾನೇ ಹೇಳಿದ್ಳು ಕಣೇ, ಬೆಳಿಗ್ಗೆ ಯಾರಾದ್ರೂ ಬಂದ್ರೆ ಬಾಗಿಲು ತೆಗೀರಿ ಅಂತ. ನಮ್ಮನೆಗೆ ಯಾರು ಬರ್ತಾರೆ ಅಂದ್ಕೊಂಡು ನಿಂಗೆ ಹೇಳೋದು ಮರೆತೆ" ಎಂದರು. ಬಾಯಿಗೆ ಬಂದಹಾಗೆ ಬೈದೆ. ಆದರೆ ಮನೇಲಿಲ್ಲ ಎಂದದ್ದು ಇವರಲ್ಲ.

ಎಸ್ತೆರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಕೈ ಹಿಡಿದು "ರಾಯಿ ನೇನಿ, ನನ್ನ ಫೋನ್ ಎಲ್ಲಿ?" ಎಂದಳು.

೨೧ ನವೆಂಬರ್, ಗುರುವಾರ

ಇವತ್ತೂ ಆರಕ್ಕೆ ಎದ್ದು ಕಿಟಕಿ ಹತ್ತಿರ ಕೂತಿದ್ದಳು.

೮ ಡಿಸೆಂಬರ್, ಭಾನುವಾರ

ನೋಟಿಸ್ ಬಂದಿದೆ. ವಿಚಾರಣೆ ಮಾಡುತ್ತಾರಂತೆ. ಬಾಗಿಲು ತೆಗೆದವರೇ ಬಂದು ಹೇಳಿದರೆ ಶಿಕ್ಷೆ ಕಡಿಮೆಯಾಗಬಹುದು ಎಂದರಂತೆ ಅವಳ ವಕೀಲರು. ಅಂದರೆ, ನಾನು ಸುಳ್ಳು ಹೇಳಿದೆ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ದಾಗಿಸ್‌ನಲ್ಲಿ ಅಂದರೆ ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಮಕ್ಕಳ ಜೊತೆ ಆಡುವಷ್ಟು ಸ್ವೀಡಿಷ್ ನನಗೆ ಬರುತ್ತದೆ. ಇಂಥದಕ್ಕೆ ಸಾಲದು.

ದಿಯಾಗೆ ಫೋನ್ ಮಾಡಿ ಬಂದು ಜೊತೆಗೆ ಕೂತುಕೋ ಎಂದೆ. ಕತೆಯೆಲ್ಲ ಕೇಳಿಸಿಕೊಂಡಳು. ಆಮೇಲೆ ಶುರುಮಾಡಿದಳು. "You did exactly this to me, ಅಮ್ಮ. ಕ್ಯಾಂಪ್‌ಗೆ ಸೆಲೆಕ್ಟ್ ಆಗಿದೀನಿ ಅಂತ ಕೋಚ್ ಫೋನ್ ಮಾಡಿದಾಗ, ದಿಯಾ ಮನೇಲಿಲ್ಲ ಅಂದೆ. ನಾನು ರೂಮಲ್ಲೇ ಇದ್ದೆ. I heard you."

"ಏನೋ ಎಕ್ಸಾಮ್ ಇದ್ದಿರಬೇಕು" ಎಂದೆ.

"ಎಕ್ಸಾಮ್ ಇತ್ತು. ಆದ್ರೆ ನನ್ನ ಕೇಳಬಹುದಿತ್ತಲ್ಲ?"

ಫೋನ್ ಇಟ್ಟಳು. ಏಳು ವರ್ಷದ ಹಿಂದಿನ ಮಾತು. ನನಗೆ ಅಂಥದ್ದೇನೂ ನೆನಪಿಲ್ಲ. ಅವಳ ಒಳ್ಳೆಯದಕ್ಕೇ ಅಲ್ಲವೇ ನಾನು ಏನು ಮಾಡಿದರೂ. ಊಟ ಸೇರಲಿಲ್ಲ.

೧೭ ಜನವರಿ ೨೦೨೫, ಶುಕ್ರವಾರ

ದಿಯಾ ಬಂದಳು. ನಿನ್ನೆ ಸಂಜೆಯ ರೈಲಿಗೆ. ತನ್ನ ಕೋಣೆಯಲ್ಲಿ ಎಸ್ತೆರ್ ಇದ್ದಾಳೆಂದು ಸೋಫಾದಲ್ಲಿ ಮಲಗಲು ಹೋದಳು. ಎಸ್ತೆರ್ ಬಿಡದೆ ಮಂಚ ಬಿಟ್ಟುಕೊಟ್ಟು ಕೆಳಗೆ ಹಾಸಿಕೊಂಡಳಂತೆ. ಇಬ್ಬರೂ ಒಳಗೆ ಬಹಳ ಹೊತ್ತು ಮಾತಾಡಿಕೊಂಡಿದ್ದರು. ಬಾಗಿಲು ತಟ್ಟಿ ಹಾಲು ಕೊಡೋಣ ಎಂದುಕೊಂಡು ಎದ್ದೆ, ಮತ್ತೆ ಕೂತೆ.

ವಿಚಾರಣೆ ಕಂಪ್ಯೂಟರಿನಲ್ಲಿ. ಮೂವರು ಕೂತಿದ್ದರು. ರೇಷ್ಮೆ ಸೀರೆ ಉಟ್ಟಿದ್ದೆ, ಯಾಕೆಂದು ಗೊತ್ತಿಲ್ಲ. ನಾನು ಕನ್ನಡದಲ್ಲಿ ಹೇಳಿದ್ದನ್ನು ದಿಯಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಫೋನಿನ ಸದ್ದು ಆರಿಸಿದ್ದು, ಬಾಗಿಲು ಹಾಕಿದ್ದು, ಎರಡನೇ ಸಲ ತೆಗೆಯದೇ ಇದ್ದದ್ದು, ಯಾವುದನ್ನೂ ಬಿಡಲಿಲ್ಲ. ನಡುವೆ ಕೂತ ಹೆಂಗಸು, ಇರುವವಳನ್ನು ಇಲ್ಲ ಎಂದದ್ದು ಯಾಕೆ ಎಂದು ಕೇಳಿದಳು.

"ನಮ್ಮಲ್ಲಿ ಹಾಗೇ ಅನ್ನೋದು. ಮಕ್ಕಳು ಮಲಗಿದ್ರೆ, ಯಾರಾದ್ರೂ ಬಂದ್ರೆ, ಮನೇಲಿಲ್ಲ ಅಂತೀವಿ. ನಾವೇ ತೀರ್ಮಾನ ಮಾಡಿಬಿಡ್ತೀವಿ. ಅವಳನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ" ಎಂದೆ.

ದಿಯಾ ತಿರುಗಿಸಲಿಲ್ಲ. "ಹೇಳೇ" ಎಂದೆ. "ಹೇಳ್ತೀನಿ, ಅಮ್ಮ. ಒಂದು ನಿಮಿಷ" ಎಂದು ನೀರು ಕುಡಿದು ಆಮೇಲೆ ಹೇಳಿದಳು. ಹೇಳುವಾಗ ಯಾಕೋ ಮೂಗು ಒರೆಸಿಕೊಂಡಳು. ಶೀತವಿರಬೇಕು, ಕಿಸ್ಟಾದಲ್ಲಿ ಸರಿಯಾಗಿ ಊಟ ಮಾಡುವುದಿಲ್ಲ.

ಎಸ್ತೆರ್ ನಿಮಗೆ ಸಂಬಂಧಿಯೇ ಎಂದು ಕೊನೆಗೆ ಕೇಳಿದರು. ಅಲ್ಲ ಎಂದೆ. ಹಾಗೆ ಹೇಳಬೇಕಾಗಿ ಬಂದದ್ದು ಬೇಜಾರಾಯಿತು.

೨೦ ಫೆಬ್ರವರಿ, ಗುರುವಾರ

ಎರಡು ವರ್ಷವನ್ನು ಒಂದು ವರ್ಷ ಮಾಡಿದ್ದಾರೆ. ಎಲ್ಲಿದ್ದೇನೆಂದು ಬರೆದುಕೊಟ್ಟ ಮೇಲೆ ಅಲ್ಲಿ ಕೈಗೆ ಸಿಗುವ ಹಾಗಿರುವ ಜವಾಬ್ದಾರಿ ಆಟಗಾರ್ತಿಯದೇ ಅಂತೆ. ಟೂರ್ನಿ ಇಲ್ಲ, ತಂಡದ ಜೊತೆ ಅಭ್ಯಾಸವಿಲ್ಲ, ಕ್ಲಬ್ಬಿನ ಮಕ್ಕಳಿಗೆ ಹೇಳಿಕೊಡುವ ಹಾಗೂ ಇಲ್ಲ. ವರ್ಷ ಕಳೆದಮೇಲೆ ಅವಳ ಅಂಕಗಳೆಲ್ಲ ಅಳಿಸಿರುತ್ತವೆ, ಸೊನ್ನೆಯಿಂದ ಶುರು, ಮೂವತ್ತನಾಲ್ಕರ ಹೊಸ್ತಿಲಲ್ಲಿ.

"ಒಂದು ವರ್ಷ ಉಳಿಸಿದಿರಿ ರಾಯಿ ನೇನಿ" ಎಂದಳು. ಕಳೆದದ್ದೂ ನಾನೇ ಅಲ್ಲವೇನಮ್ಮಾ. ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅವಳೇ ನನ್ನ ಬೆನ್ನು ಸವರಿದಳು.

೨೩ ಫೆಬ್ರವರಿ, ಭಾನುವಾರ

ಸ್ಟೇಷನ್ನಿಗೆ ಹೋಗಿ ಕಳಿಸಿಬಂದೆವು. ದಾರಿಗೆ ಚಪಾತಿ, ಪಲ್ಯ. ಪಲ್ಯದಲ್ಲಿ ಏನೇನಿದೆ ಎಂದು ಹೇಳಲು ಶುರುಮಾಡಿದರೆ "ಈಗ ಏನು ತಿಂದರೆ ಯಾರು ಕೇಳುತ್ತಾರೆ" ಎಂದಳು. ಆಮೇಲೆ ತಾನೇ ತಿದ್ದಿಕೊಂಡು, ಇಲ್ಲ, ಈಗಲೂ ಬರುತ್ತಾರೆ, ಈಗಲೂ ದಿನಾ ಎಲ್ಲಿದ್ದೇನೆಂದು ಬರೆದುಕೊಡಬೇಕು ಎಂದಳು. ಆಡುವ ಹಾಗಿಲ್ಲ, ಕಾಯುವುದು ಮಾತ್ರ ತಪ್ಪುವುದಿಲ್ಲ!

ಮಾಕೋಗೆ ಹೋಗಿ ಅಪ್ಪನ ಈರುಳ್ಳಿ ಮಂಡಿಯಲ್ಲಿ ಕೆಲಸ ಮಾಡುತ್ತಾಳಂತೆ. ರೈಲು ಹೊರಟಮೇಲೆ ಇವರು "ಬಾ ರಾಜಿ, ಚಳಿ" ಎಂದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.

೪ ಮೇ, ಭಾನುವಾರ

ಕೋಣೆ ಖಾಲಿ. ಬರೆದುಬಿಟ್ಟೆ ನೋಡು.

ಆರು ಗಂಟೆಗೆ ತಾನಾಗಿ ಎಚ್ಚರವಾಗುತ್ತದೆ. ಅಡುಗೆಮನೆ ಕಿಟಕಿ ಹತ್ತಿರ ಕೂತು ಕಾಫಿ ಕುಡಿಯುತ್ತೇನೆ. ಹೊರಗೆ ಆಗಲೇ ಹಾಡುಹಗಲು, ಅಳಿಲು ಓಡಾಡುತ್ತಿರುತ್ತದೆ. ಅಲ್ಲಿ ಅವಳೂ ಇದೇ ಹೊತ್ತಿಗೆ ಕೂತಿರುತ್ತಾಳೆ. ಬೆಲ್ ಆದರೆ ಅವಳ ಅಪ್ಪ ಬಾಗಿಲು ತೆಗೆಯಲಿ ದೇವರೇ, ನನ್ನ ಹಾಗೆ ಮಾಡದಿರಲಿ.

೨೭ ಆಗಸ್ಟ್, ಬುಧವಾರ

ಗಣೇಶನ ಹಬ್ಬ. ಬರುತ್ತೀಯಾ ಎಂದು ದಿಯಾಳನ್ನು ಕೇಳಲಿಲ್ಲ, ಕಡುಬು ಮಾಡುತ್ತಿದ್ದೇನೆ ಎಂದಷ್ಟೇ ಹೇಳಿದೆ. "ಬುಧವಾರ ಆಗಲ್ಲ, ಶನಿವಾರ ಬರಲಾ?" ಎಂದು ಅವಳೇ ಕೇಳಿದಳು. ಕಡುಬು ಅಲ್ಲಿಯ ತನಕ ಇರುತ್ತದೆಯೇ? ಮತ್ತೆ ಮಾಡಿದರಾಯಿತು.

ಎಸ್ತೆರ್ ಫೋಟೋ ಕಳಿಸಿದ್ದಾಳೆ. ಈರುಳ್ಳಿ ಮೂಟೆಗಳ ಮಧ್ಯೆ ನಿಂತಿದ್ದಾಳೆ, ಹಿಂದಿನ ಗೋಡೆಯ ತುಂಬ ಚೆಂಡಿನ ಗುರುತು. ಸಂಜೆ ಒಬ್ಬಳೇ ಗೋಡೆಗೆ ಹೊಡೆಯುತ್ತಾಳಂತೆ. ಗೋಡೆ ಒಂದೂ ತಪ್ಪದೆ ವಾಪಸ್ ಕೊಡುತ್ತದೆ, ಅದರ ಜೊತೆ ಗೆಲ್ಲಲಾಗುವುದಿಲ್ಲ ಎಂದು ಬರೆದಿದ್ದಾಳೆ. ಆ ಫೋಟೋವನ್ನು ಎಷ್ಟು ಸಲ ನೋಡಿದೆನೋ. ಇಳಿದುಹೋಗಿದ್ದಾಳೆ.

೧೪ ಮಾರ್ಚ್ ೨೦೨೬, ಶನಿವಾರ

ಬಂದಳು! ಒಂದು ಬಲೆಚೀಲದ ತುಂಬ ಈರುಳ್ಳಿ ಹೊತ್ತುಕೊಂಡು. ಕ್ಲಬ್ಬಿನವರು ತಮ್ಮ ಸಣ್ಣ ಟೂರ್ನಿಗೆ ಅವಳನ್ನು ಕರೆದಿದ್ದಾರೆ. ನಾಳೆ ಮಧ್ಯಾಹ್ನ ಅವಳ ಪಂದ್ಯ, ಎದುರಾಳಿಗೆ ಹದಿನೇಳು ವರ್ಷ. ಪ್ಯಾರಿಸ್ ಎಲ್ಲಿ, ಓರೆಬ್ರೂ ಎಲ್ಲಿ. ಇಲ್ಲಿ ಮೈಕೂ ಇಲ್ಲ. ಇನ್ನೂ ಆ ಆಸೆ ಇದೆಯಾ ಎಂದು ಕೇಳಿದೆ. ನಕ್ಕು, ಇದೆ ಎಂದು ತಲೆ ಆಡಿಸಿದಳು.

ಬರುವ ಮೊದಲು ಫೋನ್ ಮಾಡಿ ಕೇಳಿದ್ದಳು. "ರಾಯಿ ನೇನಿ, ಆರರಿಂದ ಏಳರವರೆಗೆ ನಿಮ್ಮ ಮನೆ ಅಂತ ಬರೆಯಲಾ?" ಬರಿಯಮ್ಮ ಎಂದೆ. ಅಷ್ಟೆಲ್ಲ ಆದಮೇಲೂ ನಮ್ಮ ಮನೆಯನ್ನೇ ಬರೆಯುತ್ತಾಳಂತೆ.

ಪಂದ್ಯ ನೋಡಬೇಕೆಂದು ದಿಯಾ ಕೂಡ ಬಂದಿದ್ದಾಳೆ. ರಾತ್ರಿ ಈರುಳ್ಳಿ ಹುಳಿ ಮಾಡಿದೆ. ಎಸ್ತೆರ್ ಮೂರು ಸಲ ಹಾಕಿಸಿಕೊಂಡಳು. ನಾಳೆ ಬೆಳಿಗ್ಗೆ ಒಂದಿಷ್ಟು ಆಡೋಣ ಬಾ ಎಂದು ದಿಯಾಳನ್ನು ಕರೆದಳು. ದಿಯಾ ನನ್ನ ಕಡೆ ನೋಡಿದಳು. ನನ್ನನ್ನೇಕೆ ನೋಡಬೇಕು? ಆಡುವವಳು ಅವಳು. ಅವಳ ಹಳೇ ಬೂಟು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಹಾಕಿಕೊಳ್ಳುತ್ತಾಳೋ ಬಿಡುತ್ತಾಳೋ ಅವಳಿಗೆ ಬಿಟ್ಟದ್ದು.

೧೫ ಮಾರ್ಚ್, ಭಾನುವಾರ

ಪಂದ್ಯಕ್ಕೆ ಹೊರಡುವ ಮುಂಚೆ ಬರೆದಿಡುತ್ತಿದ್ದೇನೆ.

ಆರಕ್ಕೆ ಮುಂಚೆಯೇ ಎದ್ದು ಕಿಟಕಿ ಹತ್ತಿರ ಕೂತಿದ್ದೆ. ಎಸ್ತೆರ್ ಬಂದು ಪಕ್ಕದಲ್ಲಿ ಕೂತಳು. "ನೀವ್ಯಾಕೆ ಎದ್ದಿರಿ?" ಎಂದಳು. ಸುಮ್ಮನೆ ಎಂದೆ. ಡಿಕಾಕ್ಷನ್ ಇಳಿಯುತ್ತಿತ್ತು. ದಿಯಾ ಒಳಗೆ ಗೊರಕೆ ಹೊಡೆಯುತ್ತಿದ್ದಳು, ಅದೂ ಅವಳಪ್ಪನದೇ.

ಬೆಲ್ ಆಯಿತು.

ಎಸ್ತೆರ್ ಏಳಲು ಹೋದಳು. ನಾನು ತೆಗೀಲಾ ಎಂದು ಕೇಳಿದೆ. ನನ್ನ ಮುಖ ನೋಡಿ ಕೂತುಕೊಂಡಳು. ಬಾಗಿಲಲ್ಲಿ ಆವತ್ತಿನ ಅದೇ ಹೆಂಗಸು, ಹೆಗಲಿಗೆ ಅದೇ ಚೀಲ. ಅವಳಿಗೂ ನನ್ನ ಗುರುತು ಸಿಕ್ಕಿತು, ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಕೇಳಿದಳು, ಎಸ್ತೆರ್ ವಾರ್ಕೊನಿ ಮನೇಲಿದ್ದಾರಾ ಎಂದು.

"ಇದ್ದಾಳೆ, ಒಳಗೆ ಬನ್ನಿ" ಎಂದೆ. ಬಾಗಿಲು ಪೂರ್ತಿ ತೆಗೆದು ಹಿಡಿದೆ. ಅಷ್ಟಕ್ಕೇ ಬಾಯಿ ಸುಮ್ಮನಿರಲಿಲ್ಲ. ಅವಳು ಕೇಳದಿದ್ದರೂ ಹೇಳಿಬಿಟ್ಟೆ: "ನನ್ನ ಮಗಳೂ ಇದ್ದಾಳೆ. ಇಬ್ಬರೂ ಮನೇಲೇ ಇದ್ದಾರೆ."